ಗುಲಾಮರ ದುಡಿಮೆಯ ದುಡ್ಡು ಎಲ್ಲಿ ನಿಂತಿತು?

ಆಫ್ರಿಕಾದ ಜನರನ್ನು ಅಟ್ಲಾಂಟಿಕ್ ಸಾಗರ ದಾಟಿಸಿ ಗುಲಾಮರಾಗಿ ಮಾರಿದವರಲ್ಲಿ ಎಲ್ಲರಿಗಿಂತ ಮುಂದೆ ಇದ್ದ ದೇಶ ಯಾವುದು ಅಂತ ಕೇಳಿದರೆ ಬಹಳ ಜನ ಬ್ರಿಟನ್ ಅನ್ನುತ್ತಾರೆ. ಆದರೆ ಅದು ಪೋರ್ಚುಗಲ್. ಹಳೆಯ ಹಡಗುಗಳ ದಾಖಲೆಗಳನ್ನು ಕೂಡಿಸಿ ಇತಿಹಾಸಕಾರರು ಒಂದು ಲೆಕ್ಕ ಹಾಕಿದ್ದಾರೆ. 1500ರ ಆಸುಪಾಸಿನಿಂದ 1866ರವರೆಗೆ ಸುಮಾರು 1 ಕೋಟಿ 25 ಲಕ್ಷ ಜನರನ್ನು ಹಡಗು ಹತ್ತಿಸಿದರು. ಅವರಲ್ಲಿ ಸುಮಾರು 58 ಲಕ್ಷ ಜನರನ್ನು ಒಯ್ದದ್ದು ಪೋರ್ಚುಗಲ್ ಮತ್ತು ಬ್ರೆಜಿಲ್‌ನ ಹಡಗುಗಳು. ಬ್ರಿಟನ್ನಿನ ಹಡಗುಗಳು ಒಯ್ದದ್ದು ಸುಮಾರು 32 ಲಕ್ಷ.

ಈಗ ಇನ್ನೊಂದು ವಿಷಯ ನೋಡಿ. 1900ರಲ್ಲಿ ಪೋರ್ಚುಗಲ್‌ನಲ್ಲಿ ನಾಲ್ಕು ಜನರಲ್ಲಿ ಮೂವರಿಗೆ ಓದು ಬರಹ ಬರುತ್ತಿರಲಿಲ್ಲ. ಪಶ್ಚಿಮ ಯೂರೋಪಿನ ಕಡು ಬಡ ದೇಶಗಳ ಸಾಲಿನಲ್ಲಿ ಅದು ನಿಂತಿತ್ತು. ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನರನ್ನು ಸಾಗಿಸಿದ ಬ್ರಿಟನ್ ಅಷ್ಟು ಹೊತ್ತಿಗೆ ಜಗತ್ತಿನ ಮೊದಲ ಕೈಗಾರಿಕಾ ದೇಶ ಅನ್ನಿಸಿಕೊಂಡು ನೂರು ವರ್ಷ ಆಗಿತ್ತು. ಇತ್ತ ಜರ್ಮನಿಗೆ ಕಬ್ಬು ಬೆಳೆಯುವ ದ್ವೀಪಗಳೇ ಇರಲಿಲ್ಲ. ಆದರೂ ಅದು ಉಕ್ಕಿನಲ್ಲಿ, ರಾಸಾಯನಿಕಗಳಲ್ಲಿ ಬ್ರಿಟನ್ನಿಗೇ ಪೈಪೋಟಿ ಕೊಡುತ್ತಿತ್ತು.

ಹಾಗಾದರೆ ಗುಲಾಮಗಿರಿಯಿಂದ ದೇಶಗಳು ಶ್ರೀಮಂತವಾದವೋ ಇಲ್ಲವೋ? ಇದಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಗುಲಾಮರ ದುಡಿಮೆಯಿಂದ ಬಂದ ದುಡ್ಡು ದೊಡ್ಡದು. ಅದರಲ್ಲಿ ಅನುಮಾನ ಬೇಡ. ಅದು ಯಾರ ಕೈಗೆ ಹೋಯಿತು, ಆ ಕೈ ಅದನ್ನು ಎಲ್ಲಿ ಹೂಡಿತು ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ದುಡಿದವರ ನೆಲದಲ್ಲಿ ಮಾತ್ರ ಅದು ಎಲ್ಲಿಯೂ ಉಳಿಯಲಿಲ್ಲ.

ಮೊದಲು ದುಡ್ಡು ಹುಟ್ಟುತ್ತಿದ್ದದ್ದು ಹೇಗೆ ಅಂತ ನೋಡೋಣ. 1640ರ ದಶಕದಲ್ಲಿ ಬಾರ್ಬಡೋಸ್ ದ್ವೀಪದ ಇಂಗ್ಲಿಷ್ ಜಮೀನ್ದಾರರು ಕಬ್ಬಿಗೆ ಇಳಿದರು. 1655ರಲ್ಲಿ ಇಂಗ್ಲೆಂಡ್ ಸ್ಪೇನಿನಿಂದ ಜಮೈಕಾವನ್ನು ಕಿತ್ತುಕೊಂಡಿತು. ಅಲ್ಲಿಯೂ ಕಬ್ಬೇ ಬಂತು. ಮಂಡ್ಯದ ಕಡೆಯ ಆಲೆಮನೆ ನೋಡಿದವರಿಗೆ ಆ ಕೆಲಸ ಗೊತ್ತು. ಕಡಿದ ಕಬ್ಬನ್ನು ಒಂದೆರಡು ದಿನದಲ್ಲಿ ಅರೆಯದಿದ್ದರೆ ಹಾಲು ಹುಳಿ ಬರುತ್ತದೆ. ಹಾಲು ಬಂದ ಮೇಲೆ ತಡಮಾಡದೆ ಕೊಪ್ಪರಿಗೆಗೆ ಹಾಕಿ ಕಾಯಿಸಬೇಕು. ಹಾಗಾಗಿ ಕಟಾವಿನ ಕಾಲದಲ್ಲಿ ಗಾಣ ಹಗಲು ರಾತ್ರಿ ತಿರುಗುತ್ತಲೇ ಇರಬೇಕು. ಕೆರಿಬಿಯನ್ ದ್ವೀಪಗಳಲ್ಲಿ ಆ ಗಾಣಕ್ಕೆ ಕಬ್ಬು ಕೊಡುತ್ತಿದ್ದವರು, ಹೆಚ್ಚಾಗಿ ಹೆಂಗಸರು, ನಿದ್ದೆಗೆಟ್ಟು ನಿಂತಿರುತ್ತಿದ್ದರು. ತೂಕಡಿಕೆಯಲ್ಲಿ ಬೆರಳು ಉರುಳೆಗೆ ಸಿಕ್ಕಿದರೆ ಇಡೀ ತೋಳು ಒಳಗೆ ಹೋಗುತ್ತಿತ್ತು. ಅದಕ್ಕೆ ಗಾಣದ ಪಕ್ಕದಲ್ಲೇ ಒಂದು ಕೊಡಲಿ ಇಟ್ಟಿರುತ್ತಿದ್ದರು, ತೋಳು ಕಡಿಯಲಿಕ್ಕೆ.

ಕೊಪ್ಪರಿಗೆಯಿಂದ ಸಕ್ಕರೆ, ಉಳಿದ ಕಾಕಂಬಿಯಿಂದ ರಮ್. 1700ರಲ್ಲಿ ಬ್ರಿಟನ್ನಿನ ಒಬ್ಬ ಮನುಷ್ಯ ವರ್ಷಕ್ಕೆ ತಿನ್ನುತ್ತಿದ್ದ ಸಕ್ಕರೆ ಸರಾಸರಿ 2 ಕಿಲೋಗಿಂತ ಕಡಿಮೆ. 1800ರ ಹೊತ್ತಿಗೆ ಅದು 8 ಕಿಲೋ ದಾಟಿತು. ಚೀನಾದ ಚಹಾಕ್ಕೆ ಜಮೈಕಾದ ಸಕ್ಕರೆ ಬಿತ್ತು, ಗಿರಾಕಿ ಬೆಳೆಯುತ್ತಲೇ ಹೋದ.

ಈ ಸಕ್ಕರೆಗೆ ಹೋದ ಜೀವಗಳ ಲೆಕ್ಕ ಹೀಗಿದೆ. ಬ್ರಿಟಿಷ್ ಕೆರಿಬಿಯನ್‌ನಲ್ಲಿ ಜೀವಂತ ಇಳಿದ ಆಫ್ರಿಕನ್ನರು ಸುಮಾರು 23 ಲಕ್ಷ. ಅವರಲ್ಲಿ ಒಂದಷ್ಟು ಜನರನ್ನು ಮುಂದೆ ಸ್ಪೇನಿನ ವಸಾಹತುಗಳಿಗೆ ಮಾರಿದರು. ಅದನ್ನು ಕಳೆದರೂ, 1834ರಲ್ಲಿ ಗುಲಾಮಗಿರಿ ರದ್ದಾದಾಗ ಅಲ್ಲಿ ಉಳಿದಿದ್ದ ಗುಲಾಮರು ಏಳು ಲಕ್ಷಕ್ಕಿಂತ ಕಡಿಮೆ. ಎರಡು ಶತಮಾನ ತಂದು ತಂದು ಸುರಿದ ಮೇಲೂ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಅಷ್ಟೇ ಜನ. ತೋಟದ ಮಾಲೀಕರಿಗೆ ಹಳಬರನ್ನು ಉಳಿಸಿಕೊಳ್ಳುವುದಕ್ಕಿಂತ ಹೊಸಬರನ್ನು ಕೊಳ್ಳುವುದು ಅಗ್ಗವಾಗಿತ್ತು.

ತೋಟ ಈ ವ್ಯವಹಾರದ ಒಂದು ತುದಿ ಮಾತ್ರ. ಆಫ್ರಿಕಾದ ಕರಾವಳಿಯಲ್ಲಿ ಮನುಷ್ಯರನ್ನು ಕೊಳ್ಳಲಿಕ್ಕೆ ಸರಕು ಬೇಕಿತ್ತು. ಅದರಲ್ಲಿ ಕಬ್ಬಿಣ, ಬಂದೂಕು, ಮದ್ಯದ ಜೊತೆಗೆ ನಮ್ಮ ಕಡೆಯ ಸಾಮಾನೂ ಇತ್ತು. ಕೋರಮಂಡಲ ಕರಾವಳಿಯ ನೀಲಿ ಅದ್ದಿದ ಹತ್ತಿ ಬಟ್ಟೆಗೆ ಪಶ್ಚಿಮ ಆಫ್ರಿಕಾದಲ್ಲಿ ಭಾರಿ ಬೇಡಿಕೆ. ಮಾಲ್ಡೀವ್ಸ್‌ನ ಕವಡೆ ಯೂರೋಪಿಗೆ ಹೋಗಿ, ಅಲ್ಲಿಂದ ಆಫ್ರಿಕಾಕ್ಕೆ ಹಣವಾಗಿ ಹೋಗುತ್ತಿತ್ತು. ಹಡಗು ಹೊರಟು ದುಡ್ಡು ವಾಪಸು ಬರಲಿಕ್ಕೆ ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತಿದ್ದರಿಂದ ಸಾಲ ಬೇಕು, ಹುಂಡಿ ಬೇಕು, ವಿಮೆ ಬೇಕು. ಲಿವರ್‌ಪೂಲ್ ಮತ್ತು ಲಂಡನ್ನಿನಲ್ಲಿ ಇವೆಲ್ಲ ಈ ವ್ಯಾಪಾರದ ಜೊತೆಗೇ ಬೆಳೆದವು.

ವಿಮೆ ಅಂದಾಗ ಜಾಂಗ್ ಹಡಗಿನ ಕಥೆ ಹೇಳಲೇಬೇಕು. ಲಿವರ್‌ಪೂಲ್‌ನ ವರ್ತಕರ ಹಡಗು ಅದು. 1781ರಲ್ಲಿ, ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ತುಂಬಿಕೊಂಡು ಜಮೈಕಾದ ಕಡೆ ಹೊರಟಿತು. ದಾರಿ ತಪ್ಪಿತು, ರೋಗ ಹಬ್ಬಿತು. ಕುಡಿಯುವ ನೀರು ಸಾಲುವುದಿಲ್ಲ ಅಂತ ಹೇಳಿ ಹಡಗಿನವರು 130ಕ್ಕೂ ಹೆಚ್ಚು ಜನರನ್ನು ಜೀವಂತ ಸಮುದ್ರಕ್ಕೆ ತಳ್ಳಿದರು. ರೋಗದಿಂದ ಸತ್ತರೆ ನಷ್ಟ ಮಾಲೀಕನದು. ಹಡಗು ಉಳಿಸಲಿಕ್ಕೆ ಸರಕನ್ನು ನೀರಿಗೆ ಎಸೆದರೆ ವಿಮೆಯವರು ಕೊಡಬೇಕು. ಮಾಲೀಕರು ತಲೆಗೆ 30 ಪೌಂಡ್ ಕೇಳಿದರು. 1783ರಲ್ಲಿ ವಿಷಯ ಲಂಡನ್ನಿನ ನ್ಯಾಯಾಲಯಕ್ಕೆ ಹೋದಾಗ ಅಲ್ಲಿ ನಡೆದದ್ದು ಕೊಲೆಯ ಮೊಕದ್ದಮೆಯಲ್ಲ, ವಿಮೆಯ ವ್ಯಾಜ್ಯ. ಜ್ಯೂರಿ ಮೊದಲು ಮಾಲೀಕರ ಪರವಾಗಿಯೇ ತೀರ್ಪು ಕೊಟ್ಟಿತು. ಮೇಲಿನ ವಿಚಾರಣೆಯಲ್ಲಿ ಆ ತೀರ್ಪು ನಿಲ್ಲಲಿಲ್ಲ. ಆದರೆ ಅದಕ್ಕಾಗಿ ಯಾರೂ ಜೈಲಿಗೆ ಹೋಗಲಿಲ್ಲ.

ಇನ್ನು ವಾದಕ್ಕೆ ಬರೋಣ. 1944ರಲ್ಲಿ ಎರಿಕ್ ವಿಲಿಯಮ್ಸ್ ಎಂಬ ಟ್ರಿನಿಡಾಡ್‌ನ ಇತಿಹಾಸಕಾರ, ಮುಂದೆ ಆ ದೇಶದ ಮೊದಲ ಪ್ರಧಾನಿಯಾದವರು, ಒಂದು ಮಾತು ಮುಂದಿಟ್ಟರು. ಗುಲಾಮ ವ್ಯಾಪಾರ ಮತ್ತು ಸಕ್ಕರೆ ತೋಟಗಳ ಲಾಭವೇ ಬ್ರಿಟನ್ನಿನ ಕೈಗಾರಿಕಾ ಕ್ರಾಂತಿಗೆ ಬಂಡವಾಳ ಕೊಟ್ಟ ಮುಖ್ಯ ಹೊಳೆಗಳಲ್ಲಿ ಒಂದು ಅಂತ. ಗುಲಾಮಗಿರಿ ರದ್ದಾದದ್ದರ ಹಿಂದೆಯೂ ಕರುಣೆಗಿಂತ ಹೆಚ್ಚಾಗಿ ಆರ್ಥಿಕ ಲೆಕ್ಕಾಚಾರ ಇತ್ತು ಅಂದರು. ಬ್ರಿಟಿಷ್ ವಿದ್ವಾಂಸರಿಗೆ ಇದು ಬಹಳ ಕಾಲ ಸಹನೆಯಾಗಲಿಲ್ಲ.

1970ರ ದಶಕದಲ್ಲಿ ಇದಕ್ಕೆ ಎದುರುವಾದ ಬಂತು. ರೋಜರ್ ಆನ್‌ಸ್ಟಿ ಎಂಬುವರು ಗುಲಾಮ ಹಡಗುಗಳ ಲೆಕ್ಕ ನೋಡಿ, ಸರಾಸರಿ ಲಾಭ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಕಡಿಮೆ ಅಂದರು. ಒಳ್ಳೆಯ ಲಾಭವೇ, ಆದರೆ ಜನ ಅಂದುಕೊಂಡಿದ್ದ ಹಾಗೆ ಬಂಗಾರದ ಮಳೆಯಲ್ಲ. ಸ್ಟ್ಯಾನ್ಲಿ ಎಂಗರ್ಮನ್ ಅದನ್ನು ಬ್ರಿಟನ್ನಿನ ಒಟ್ಟು ವರಮಾನದ ಪಕ್ಕ ಇಟ್ಟು ನೋಡಿ, ಇದು ತೀರಾ ಸಣ್ಣ ಪಾಲು, ಇಷ್ಟರಿಂದ ಕ್ರಾಂತಿ ಆಗಲಿಕ್ಕಿಲ್ಲ ಅಂದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಡೀ ಜಗಳದ ಗಂಟು ಇರುವುದು ಲೆಕ್ಕದ ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದರಲ್ಲಿ. ಬರೀ ಮನುಷ್ಯರನ್ನು ಕೊಂಡು ಮಾರಿದ ಲಾಭ ಹಿಡಿದರೆ ಮೊತ್ತ ಸಣ್ಣದು. ತೋಟ, ಸಕ್ಕರೆ ಶುದ್ಧಿ ಮಾಡುವ ಕಾರ್ಖಾನೆ, ಹಡಗು ಕಟ್ಟುವವರು, ತೋಟಗಳಿಗೆ ಮೊಳೆ, ಬಟ್ಟೆ, ಪಾತ್ರೆ ಮಾಡಿ ಕಳಿಸಿದವರು, ಇವರನ್ನೆಲ್ಲ ಒಳಗೆ ತಂದರೆ ಚಿತ್ರ ಬದಲಾಗುತ್ತದೆ. ಹೀಗೆ ಅಗಲವಾಗಿ ಹಿಡಿದ ಒಂದು ಲೆಕ್ಕದ ಪ್ರಕಾರ 18ನೇ ಶತಮಾನದ ಕೊನೆಗೆ ಇದೆಲ್ಲ ಸೇರಿ ಬ್ರಿಟನ್ನಿನ ಆರ್ಥಿಕತೆಯ ನೂರಕ್ಕೆ 11ರಷ್ಟು. ನೆದರ್‌ಲ್ಯಾಂಡ್ಸ್‌ಗೆ ಇಂಥದೇ ಲೆಕ್ಕ ಹಾಕಿದವರಿಗೆ 1770ರಲ್ಲಿ ಸಿಕ್ಕಿದ್ದು ನೂರಕ್ಕೆ 5.2. ಅದರ ಅತಿ ಶ್ರೀಮಂತ ಪ್ರಾಂತ್ಯ ಹಾಲೆಂಡ್‌ನಲ್ಲಿ ನೂರಕ್ಕೆ 10ಕ್ಕೂ ಜಾಸ್ತಿ.

ಆದರೆ ಗೆರೆಯನ್ನು ಅಗಲ ಮಾಡಿದರೆ ಇನ್ನೊಂದು ತೊಡಕು ಬರುತ್ತದೆ. ಗುಲಾಮಗಿರಿ ಇಲ್ಲದೇ ಇದ್ದಿದ್ದರೆ ಆ ಬಡಗಿಗಳು, ಆ ಬಂಡವಾಳ ಸುಮ್ನೆ ಕೂತಿರುತ್ತಿರಲಿಲ್ಲ, ಅಲ್ವಾ? ಬೇರೆ ಏನಾದರೂ ಮಾಡುತ್ತಿದ್ದರು. ಹಾಗಾಗಿ ನೂರಕ್ಕೆ 11 ಅಂದರೆ ಗುಲಾಮಗಿರಿ ಇಲ್ಲದಿದ್ದರೆ ಅಷ್ಟೂ ಹೋಗುತ್ತಿತ್ತು ಅಂತ ಅರ್ಥವಲ್ಲ. ಇಂತಿಷ್ಟು ಕೆಲಸ ಅದರ ಸುತ್ತ ನಡೆಯುತ್ತಿತ್ತು ಅಂತ ಮಾತ್ರ. ಎರಡನ್ನೂ ಒಂದೇ ಮಾಡಿ ಮಾತಾಡುವುದರಿಂದಲೇ ಈ ವಾದ ಮುಗಿಯುವುದಿಲ್ಲ.

2022ರಲ್ಲಿ ಸ್ಟೀಫನ್ ಹೆಬ್ಲಿಕ್, ಸ್ಟೀಫನ್ ರೆಡ್ಡಿಂಗ್, ಹಾನ್ಸ್-ಯೋಕಿಮ್ ಫೋತ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಈ ತೊಡಕು ಬಿಡಿಸಲು ಬೇರೆ ದಾರಿ ಹಿಡಿದರು. ಅವರ ಉಪಾಯ ಕೇಳಿದರೆ ಮೈ ಝುಂ ಅನ್ನುತ್ತದೆ. ಗಾಳಿ ಕೈಕೊಟ್ಟ ಹಡಗಿನ ಪ್ರಯಾಣ ಉದ್ದವಾಗುತ್ತಿತ್ತು. ಒಳಗಿದ್ದವರು ಹೆಚ್ಚು ಸಾಯುತ್ತಿದ್ದರು. ನಷ್ಟವಾದ ವರ್ತಕ ಈ ದಂಧೆ ಬಿಡುತ್ತಿದ್ದ. ಗಾಳಿ ಚೆನ್ನಾಗಿ ಸಿಕ್ಕಿದವನು ಮುಂದುವರಿಯುತ್ತಿದ್ದ. ಗಾಳಿ ಯಾರ ಕೈಯಲ್ಲೂ ಇಲ್ಲ. ಹಾಗಾಗಿ ಇಂಗ್ಲೆಂಡಿನ ಯಾವ ಊರುಗಳಿಗೆ ಬರೀ ಅದೃಷ್ಟದಿಂದ ಗುಲಾಮಗಿರಿಯ ದುಡ್ಡು ಹೆಚ್ಚು ಬಂತು ಅಂತ ಬೇರ್ಪಡಿಸಿ, ಆ ಊರುಗಳು ಮುಂದೆ ಏನಾದವು ಅಂತ ನೋಡಬಹುದು. ಅಂಥ ಊರುಗಳಲ್ಲಿ ಬೇಸಾಯ ಬೇಗ ಕಡಿಮೆಯಾಗಿ ಹತ್ತಿ ಗಿರಣಿ, ಕೈಗಾರಿಕೆ ಬೇಗ ಬೆಳೆದಿದ್ದವು. ಅವರ ಅಂದಾಜಿನಲ್ಲಿ 1830ರ ದಶಕದ ಹೊತ್ತಿಗೆ ಇಡೀ ಬ್ರಿಟನ್ನಿನ ವರಮಾನ ಗುಲಾಮಗಿರಿಯಿಂದ ಏರಿದ್ದು ನೂರಕ್ಕೆ 3.5ರಷ್ಟು. ಅತಿ ಹೆಚ್ಚು ದುಡ್ಡು ಬಂದ ಜಾಗಗಳಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ.

ನನಗೆ ಈ ಎರಡು ಅಂಕಿಗಳನ್ನು ಒಟ್ಟಿಗೆ ಓದುವುದು ಮುಖ್ಯ ಅನ್ನಿಸುತ್ತದೆ. 3.5 ಮಾತ್ರ ಹಿಡಿದವರು ಇಷ್ಟೇನಾ ಅಂತಾರೆ. 40 ಮಾತ್ರ ಹಿಡಿದವರು ಎಲ್ಲವೂ ಗುಲಾಮರ ರಕ್ತದ್ದೇ ಅಂತಾರೆ. ಆದರೆ ಆ ಕಾಲದಲ್ಲಿ ಬ್ರಿಟನ್ನಿನ ಆರ್ಥಿಕತೆ ವರ್ಷಕ್ಕೆ ಬೆಳೆಯುತ್ತಿದ್ದದ್ದೇ ನೂರಕ್ಕೆ ಒಂದೆರಡರಷ್ಟು. ಹಾಗಿರುವಾಗ 3.5 ಸಣ್ಣ ಮಾತಲ್ಲ. ಜೊತೆಗೆ ಅದು ಬಿದ್ದ ಜಾಗ ನೋಡಿ. ಕಲ್ಲಿದ್ದಲು, ಕುಶಲ ಕೆಲಸಗಾರರು, ಕಾಲುವೆಗಳು, ಬ್ಯಾಂಕುಗಳು ಆಗಲೇ ಇದ್ದ ಲ್ಯಾಂಕಾಷೈರ್. ಅಲ್ಲಿ ಆ ದುಡ್ಡು ಗಿರಣಿಯಾಯಿತು.

ಪೋರ್ಚುಗಲ್‌ನಲ್ಲಿ ಹಾಗಾಗಲಿಲ್ಲ. 1690ರ ದಶಕದಲ್ಲಿ ಅದರ ವಸಾಹತಾಗಿದ್ದ ಬ್ರೆಜಿಲ್‌ನ ಮಿನಾಸ್ ಜೆರಾಯಿಸ್‌ನಲ್ಲಿ ಚಿನ್ನ ಸಿಕ್ಕಿತು. ಅಗೆದವರು ಗುಲಾಮರು. ಐದನೇ ಒಂದು ಪಾಲು ರಾಜನಿಗೆ. ರಾಜ ಐದನೇ ಜೊವಾವ್ 1717ರಲ್ಲಿ ಮಾಫ್ರಾದಲ್ಲಿ ದೊಡ್ಡ ಅರಮನೆ ಮತ್ತು ಮಠ ಕಟ್ಟಿಸಲು ಶುರುಮಾಡಿದ. ಉಳಿದ ಚಿನ್ನ ಇಂಗ್ಲೆಂಡಿನ ಬಟ್ಟೆ, ಧಾನ್ಯ, ಸಾಮಾನು ಕೊಳ್ಳಲು ಹೋಯಿತು. 1703ರ ಮೆಥ್ಯುಯೆನ್ ಒಪ್ಪಂದದ ಪ್ರಕಾರ ಪೋರ್ಚುಗಲ್ ಇಂಗ್ಲೆಂಡಿನ ಉಣ್ಣೆ ಬಟ್ಟೆಗೆ ಬಾಗಿಲು ತೆರೆದಿತ್ತು, ಇಂಗ್ಲೆಂಡ್ ಪೋರ್ಚುಗಲ್‌ನ ವೈನಿಗೆ ಸುಂಕ ಇಳಿಸಿತ್ತು. ಎಲ್ಲವೂ ಕೊಂಡರೆ ಸಿಗುತ್ತದೆ ಅಂದ ಮೇಲೆ ಅಲ್ಲೇ ಮಾಡುವವರು ಬೆಳೆಯಲಿಲ್ಲ. ಹೀಗೆ ಬ್ರೆಜಿಲ್‌ನ ಗುಲಾಮರು ಅಗೆದ ಚಿನ್ನ ಲಿಸ್ಬನ್‌ನಲ್ಲಿ ನಿಲ್ಲದೆ ಲಂಡನ್ ಸೇರಿತು. ಬ್ರಿಟನ್ನಿನ ಲೆಕ್ಕ ಹಾಕುವಾಗ ಬ್ರಿಟಿಷ್ ಹಡಗುಗಳನ್ನಷ್ಟೇ ಎಣಿಸಿದರೆ ಇಂಥದ್ದು ತಪ್ಪಿಹೋಗುತ್ತದೆ.

ಅಮೆರಿಕದ ದಕ್ಷಿಣ ರಾಜ್ಯಗಳದ್ದು ಇನ್ನೂ ಕಣ್ಣಿಗೆ ರಾಚುವ ಉದಾಹರಣೆ. 1793ರಲ್ಲಿ ಹತ್ತಿ ಬಿಡಿಸುವ ಜಿನ್ ಯಂತ್ರ ಬಂದ ಮೇಲೆ ಅಲ್ಲಿ ಹತ್ತಿಯೇ ರಾಜ. 1860ರಲ್ಲಿ ಗುಲಾಮರು ಸುಮಾರು 40 ಲಕ್ಷ. ಮಾರುಕಟ್ಟೆ ದರದಲ್ಲಿ ಅವರ ಒಟ್ಟು ಬೆಲೆ ಆ ದೇಶದ ಎಲ್ಲ ರೈಲು ಹಾದಿ, ಎಲ್ಲ ಕಾರ್ಖಾನೆಗಳ ಬೆಲೆಗಿಂತ ಹೆಚ್ಚು. ಬಿಳಿಯ ಮಾಲೀಕರು ದೇಶದ ಅತಿ ಶ್ರೀಮಂತರಲ್ಲಿ ಸೇರಿದ್ದರು. ಆದರೆ ಆ ಸಂಪತ್ತು ಇದ್ದದ್ದು ಮನುಷ್ಯರ ಮೇಲಿನ ಹಕ್ಕುಪತ್ರದಲ್ಲಿ. ನೆಲ ಸವೆದರೆ ಆಳುಗಳನ್ನು ಹೊಡೆದುಕೊಂಡು ಪಶ್ಚಿಮಕ್ಕೆ ಹೋದರಾಯಿತು. ಊರು ಬೆಳೆಸುವ, ರಸ್ತೆ ಹಾಕುವ, ಶಾಲೆ ಕಟ್ಟುವ ಅಗತ್ಯ ಮಾಲೀಕನಿಗೆ ಬರಲಿಲ್ಲ. ಗುಲಾಮರಿಗೆ ಅಕ್ಷರ ಕಲಿಸುವುದನ್ನೇ ಹಲವು ರಾಜ್ಯಗಳು ಅಪರಾಧ ಮಾಡಿದ್ದವು. 1865ರಲ್ಲಿ ಆ ಹಕ್ಕುಪತ್ರ ರದ್ದಾಯಿತು. 1880ರ ಹೊತ್ತಿಗೆ ದಕ್ಷಿಣದ ತಲಾ ವರಮಾನ ದೇಶದ ಸರಾಸರಿಯ ಅರ್ಧದಷ್ಟು. ಎರಡನೇ ಮಹಾಯುದ್ಧದವರೆಗೂ ಅದು ಸರಿಯಾಗಿ ಮೇಲೇಳಲಿಲ್ಲ.

ಅದೇ ಹತ್ತಿ ಮ್ಯಾಂಚೆಸ್ಟರಿನಲ್ಲಿ ಏನು ಮಾಡಿತು ಅಂತ ಎಲ್ಲರಿಗೂ ಗೊತ್ತು. 1860ರಲ್ಲಿ ಬ್ರಿಟನ್ನಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಕಡಿಮೆಯಿಲ್ಲದಷ್ಟು ಅಮೆರಿಕದ ಗುಲಾಮರು ಬಿಡಿಸಿದ್ದು. ಆ ದೇಶದಲ್ಲಿ ಅಂತರ್ಯುದ್ಧ ಶುರುವಾಗಿ ಹತ್ತಿ ನಿಂತಾಗ ಗಿರಣಿಗಳ ಕಣ್ಣು ಭಾರತದ ಮೇಲೆ ಬಿತ್ತು. ನಮ್ಮ ಧಾರವಾಡ ಸೀಮೆ ಇದಕ್ಕೆ ಆಗಲೇ ತಯಾರಾಗಿತ್ತು. 1840ರ ದಶಕದಲ್ಲೇ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ತೋಟಗಾರರನ್ನು ಭಾರತಕ್ಕೆ ಕರೆಸಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿತ್ತು. ಅದು ಎಲ್ಲಕ್ಕಿಂತ ಚೆನ್ನಾಗಿ ಹಿಡಿದದ್ದು ಧಾರವಾಡದ ಎರೆಹೊಲದಲ್ಲಿ. 'ಧಾರವಾಡ ಅಮೆರಿಕನ್' ಅಂತಲೇ ಅದಕ್ಕೆ ಹೆಸರು ಬಂತು. 1861ರಿಂದ 1865ರವರೆಗೆ ಬೆಲೆ ಗಗನಕ್ಕೇರಿತು. ಆ ಹತ್ತಿಯನ್ನು ಸಮುದ್ರಕ್ಕೆ ಇಳಿಸಲು ಕಾರವಾರವನ್ನು ಬಂದರು ಮಾಡುವ ಯೋಜನೆಗಳು ಎದ್ದವು. ಯುದ್ಧ ಮುಗಿದು ಅಮೆರಿಕದ ಹತ್ತಿ ವಾಪಸು ಬಂದದ್ದೇ ಬೆಲೆ ಕುಸಿಯಿತು.

ಹೈಟಿಯ ಕಥೆ ಓದುವಾಗ ನನಗೆ ಪ್ರತಿ ಸಲ ಸಿಟ್ಟು ಬರುತ್ತದೆ. ಆಗ ಅದರ ಹೆಸರು ಸೇಂಟ್ ಡೊಮಿಂಗ್. ಫ್ರಾನ್ಸಿನ ವಸಾಹತು. 1780ರ ದಶಕದಲ್ಲಿ ಯೂರೋಪ್ ತಿನ್ನುತ್ತಿದ್ದ ಸಕ್ಕರೆಯ ಸುಮಾರು ನೂರಕ್ಕೆ 40, ಕುಡಿಯುತ್ತಿದ್ದ ಕಾಫಿಯ ಅರ್ಧಕ್ಕಿಂತ ಹೆಚ್ಚು ಈ ಒಂದೇ ವಸಾಹತಿನಿಂದ. 1791ರ ಆಗಸ್ಟಿನಲ್ಲಿ ಅಲ್ಲಿನ ಗುಲಾಮರು ದಂಗೆ ಎದ್ದರು. ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ 1804ರ ಜನವರಿ 1ರಂದು ಸ್ವತಂತ್ರ ದೇಶವಾದರು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ಕಳಿಸಿ ಷರತ್ತು ಹಾಕಿತು. ನಮ್ಮ ತೋಟದ ಮಾಲೀಕರಿಗಾದ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಿ, ಆಗ ನಿಮ್ಮನ್ನು ದೇಶ ಅಂತ ಒಪ್ಪುತ್ತೇವೆ ಅಂತ. ಆ ನಷ್ಟದ ಲೆಕ್ಕದಲ್ಲಿ ಸ್ವತಂತ್ರರಾದ ಮನುಷ್ಯರ ಬೆಲೆಯೂ ಸೇರಿತ್ತು. ಮೊದಲ ಕಂತಿಗೇ ಫ್ರಾನ್ಸಿನ ಬ್ಯಾಂಕುಗಳಲ್ಲಿ ಸಾಲ ಎತ್ತಬೇಕಾಯಿತು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಅದನ್ನು ತೀರಿಸಲಿಕ್ಕೆ ಸಾಲ, ಸಾಲ ತೀರಿಸಲಿಕ್ಕೆ ಮತ್ತೆ ಸಾಲ. ಇದರಿಂದ ಹುಟ್ಟಿದ ಸಾಲದ ಸರಪಳಿ ಕಳಚಿದ್ದು 1947ರಲ್ಲಿ. ಹೈಟಿಯ ಕಾಫಿ ಬೆಳೆಗಾರರ ಸುಂಕ ಶಾಲೆಗೆ, ಆಸ್ಪತ್ರೆಗೆ ಹೋಗಬೇಕಿತ್ತು. ಅದು ಪ್ಯಾರಿಸ್ಸಿಗೆ ಹೋಯಿತು.

ಆಫ್ರಿಕಾದ ಕಡೆಯೂ ನೋಡಬೇಕು. ನೇಥನ್ ನನ್ ಎಂಬ ಅರ್ಥಶಾಸ್ತ್ರಜ್ಞ 2008ರಲ್ಲಿ ತೋರಿಸಿದ ಹಾಗೆ, ಯಾವ ಪ್ರದೇಶಗಳಿಂದ ಹೆಚ್ಚು ಜನರನ್ನು ಹೊತ್ತೊಯ್ದರೋ ಇಂದು ಆ ದೇಶಗಳೇ ಹೆಚ್ಚು ಬಡವಾಗಿವೆ. ಅವರು ಲೆನಾರ್ಡ್ ವಾಂಚೆಕಾನ್ ಜೊತೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಹೆಚ್ಚು ದಾಳಿಗೆ ಸಿಕ್ಕಿದ ಜನಾಂಗಗಳಲ್ಲಿ ನೆರೆಯವರ ಮೇಲೆ, ಸ್ವಂತ ಬಂಧುಗಳ ಮೇಲೆ ಕೂಡ ನಂಬಿಕೆ ಇಂದಿಗೂ ಕಡಿಮೆ ಅಂತ ಕಂಡಿತು. ನೆರೆಯವನೇ ಹಿಡಿದು ಮಾರುತ್ತಿದ್ದ ಕಾಲದ ಗಾಯ ಅದು.

ಬ್ರಿಟನ್ನಿನಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯ್ದೆ ಬಂದದ್ದು 1833ರಲ್ಲಿ, ಜಾರಿಯಾದದ್ದು ಮರುವರ್ಷ. ಪರಿಹಾರ ಸಿಕ್ಕಿದ್ದು ಮಾಲೀಕರಿಗೆ, 2 ಕೋಟಿ ಪೌಂಡ್. ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ನೂರಕ್ಕೆ 40ರಷ್ಟು. ಗುಲಾಮರಾಗಿದ್ದವರಿಗೆ ಒಂದು ಪೆನ್ನಿಯೂ ಇಲ್ಲ. ಅವರಲ್ಲಿ ಹೆಚ್ಚಿನವರು 1838ರವರೆಗೆ ತರಬೇತಿಯ ಹೆಸರಿನಲ್ಲಿ ಅದೇ ಮಾಲೀಕರಿಗೆ ಪುಕ್ಕಟೆ ದುಡಿಯಬೇಕಾಯಿತು. ಪರಿಹಾರಕ್ಕೆ ಎತ್ತಿದ ಸಾಲ ಹಳೆಯ ಸರ್ಕಾರಿ ಸಾಲಪತ್ರಗಳಲ್ಲಿ ಸೇರಿಕೊಂಡು ಪೂರ್ತಿ ತೀರಿದ್ದು 2015ರಲ್ಲಿ. ಗುಲಾಮರ ಮರಿಮಕ್ಕಳಾಗಿ ಬ್ರಿಟನ್ನಿಗೆ ಬಂದು ನೆಲೆಸಿದ ಜಮೈಕಾದವರ ತೆರಿಗೆಯೂ ಅದಕ್ಕೆ ಹೋಗಿದೆ.

ಅತಿ ಹೆಚ್ಚು ಪರಿಹಾರ ಪಡೆದವರಲ್ಲಿ ಒಬ್ಬ ಜಾನ್ ಗ್ಲ್ಯಾಡ್‌ಸ್ಟನ್, ಮುಂದೆ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್‌ನ ತಂದೆ. ಸುಮಾರು 2,500 ಗುಲಾಮರಿಗೆ ಒಂದು ಲಕ್ಷ ಪೌಂಡ್‌ಗೂ ಜಾಸ್ತಿ. ಕೂಲಿಗೆ ಜನ ಬೇಕಲ್ಲ ಅಂತ ಆತ ಕಲ್ಕತ್ತೆಯ ಕಂಪನಿಯೊಂದಕ್ಕೆ ಬರೆದ. 1838ರಲ್ಲಿ ವಿಟ್ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳಲ್ಲಿ ಸುಮಾರು 400 ಭಾರತೀಯರು ಕರಾರಿನ ಕೂಲಿಗಳಾಗಿ ಬ್ರಿಟಿಷ್ ಗಯಾನಾಕ್ಕೆ ಇಳಿದರು. ಇನ್ನೊಂದು ಮಾತು: 1833ರ ಆ ಕಾಯ್ದೆ ಕಂಪನಿ ಆಳುತ್ತಿದ್ದ ಭಾರತಕ್ಕೆ ಅನ್ವಯಿಸಲೇ ಇಲ್ಲ. 1801ರಲ್ಲಿ ಕೆನರಾ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಗದ್ದೆಗೆ ದುಡಿಯುತ್ತಿದ್ದ ಗುಲಾಮ ಆಳುಗಳ ಬಗ್ಗೆ ಬರೆದಿದ್ದಾನೆ. ಇಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದದ್ದು 1843ರಲ್ಲಿ.

ಈ ಚರ್ಚೆಯಲ್ಲಿ ಒಂದು ಜಾರು ಜಾಗ ಇದೆ. ಗುಲಾಮಗಿರಿಯಿಂದ ಅಂಥ ದೊಡ್ಡ ಲಾಭವೇನೂ ಆಗಲಿಲ್ಲ, ಹಾಗಾಗಿ ಗುಲಾಮರ ವಂಶದವರಿಗೆ ಪರಿಹಾರದ ಮಾತು ಯಾಕೆ ಅಂತ ಕೆಲವರು ಕೇಳುತ್ತಾರೆ. ಕಿತ್ತುಕೊಂಡವನು ಅದನ್ನು ಗಿರಣಿ ಮಾಡಿಕೊಂಡನೋ, ಅರಮನೆ ಕಟ್ಟಿ ಕಳೆದನೋ, ಅದು ಅವನ ಲೆಕ್ಕ. ಕಳೆದುಕೊಂಡವನ ಲೆಕ್ಕ ಅದರಿಂದ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಮೊದಲನೆಯದನ್ನು ಅಳೆಯುವುದು ಅರ್ಥಶಾಸ್ತ್ರಜ್ಞರ ಕೆಲಸ. ಎರಡನೆಯದಕ್ಕೆ ಆ ಅಳತೆ ಬೇಕಿಲ್ಲ.

2013ರಲ್ಲಿ ಕೆರಿಬಿಯನ್ ದೇಶಗಳು ಒಟ್ಟಾಗಿ ಪರಿಹಾರಕ್ಕೆಂದೇ ಒಂದು ಆಯೋಗ ಮಾಡಿಕೊಂಡವು. 2023ರ ಜುಲೈ 1ರಂದು ನೆದರ್‌ಲ್ಯಾಂಡ್ಸ್‌ನ ರಾಜ ಕ್ಷಮೆ ಕೇಳಿದರು. ಹಣದ ಮಾತಿಗೆ ಬಂದ ಕೆಲವೇ ಸಂಸ್ಥೆಗಳಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ಒಂದು. ಗುಲಾಮಗಿರಿಯಿಂದ ದುಡ್ಡು ಮಾಡಿದವರು 18, 19ನೇ ಶತಮಾನದಲ್ಲಿ ತನಗೆ ಕೊಟ್ಟ ದತ್ತಿಗಳನ್ನು ಅದು ಹುಡುಕಿಸಿತು. ಇಂದಿನ ಬೆಲೆಯಲ್ಲಿ ಅದೆಷ್ಟು ಅನ್ನುವುದಕ್ಕೆ 2018ರ ವರದಿ ಕೊಟ್ಟ ಉತ್ತರ 1 ಕೋಟಿ 67 ಲಕ್ಷ ಪೌಂಡ್‌ನಿಂದ 19 ಕೋಟಿ 80 ಲಕ್ಷ ಪೌಂಡ್‌ವರೆಗೆ. ದತ್ತಿಗಳು ಅವೇ, ಲೆಕ್ಕ ಹಾಕುವ ವಿಧಾನ ಬೇರೆ ಬೇರೆ. ಮರುವರ್ಷ ಅದು ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡಿತು. 20 ವರ್ಷಗಳಲ್ಲಿ 2 ಕೋಟಿ ಪೌಂಡ್, ಅಂದರೆ ಆ ಅಂದಾಜಿನ ಕೆಳಗಿನ ತುದಿಗೆ ಹತ್ತಿರದ ಮೊತ್ತ.